ಸೂಜಿಗಾಯ ಮತ್ತು ದೇಹದ್ರವ ಸಂಪರ್ಕ: ವೈದ್ಯ ವಿದ್ಯಾರ್ಥಿಗಳಿಗೂ ಅವರ ಪೋಷಕರಿಗೂ ಕೆಲವು ಮಾತು

(ಚೆನ್ನೈನ ಕೋಯಂಬೇಡಿನಲ್ಲಿ ಸೇರಿದ್ದ ಕನ್ನಡ ಬಾಂಧವರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕೋಯಂಬೇಡು ಎಂದೊಡನೆ ನಮ್ಮೆಲ್ಲರ ಕಣ್ಣ ಮುಂದೆ ಬರುವುದು ಇಲ್ಲಿಯ ದೊಡ್ಡ ಮಾರುಕಟ್ಟೆ. ಜಾರ್ಜ್ ಟೌನಿನ ಕೊತ್ವಾಲ ಚಾವಡಿಯ ಇಕ್ಕಟ್ಟಿನಿಂದ 1996ರಲ್ಲಿ ಇಲ್ಲಿಗೆ ಸ್ಥಳಾಂತರಗೊಂಡ ಈ ಮಾರುಕಟ್ಟೆಗೆ ಕರ್ನಾಟಕದ ಟೊಮೇಟೊ, ತರಕಾರಿಗಳು ಬರುತ್ತವೆ; ಅವುಗಳ ಜೊತೆಗೆ ಕನ್ನಡದ ಮಾತೂ ಬಂದು ನೆಲೆಸಿದೆ. ಇಲ್ಲಿ ದುಡಿದು ನೆಲೆ ಕಂಡ ಕುಟುಂಬಗಳ ಮಕ್ಕಳು ವೈದ್ಯಕೀಯ ಕಾಲೇಜುಗಳನ್ನು ಸೇರಿರುವುದು ಸಂತೋಷದ ಸಂಗತಿ. ಮಗ ಅಥವಾ ಮಗಳು ಬಿಳಿಯ ಕೋಟು ತೊಟ್ಟು ಮೊದಲ ದಿನ ವಾರ್ಡಿಗೆ ಹೋದಾಗ ತಂದೆತಾಯಿಗಳಿಗೆ ಆಗುವ ಹೆಮ್ಮೆಯನ್ನು ಮಾತಿನಲ್ಲಿ ಹೇಳಲಾಗದು. ಆದರೆ ಆ ಕೋಟಿನ ಜೊತೆಯಲ್ಲಿಯೇ ಒಂದು ಅಪಾಯವೂ ಬರುತ್ತದೆ. ಅದರ ವಿಚಾರವನ್ನು ಮನೆಗಳಲ್ಲಿ ಯಾರೂ ಮಾತನಾಡುವುದಿಲ್ಲ; ಕಾಲೇಜುಗಳಲ್ಲಿಯೂ ಸಾಲುವಷ್ಟು ಮಾತನಾಡುವುದಿಲ್ಲ. ರೋಗಿಗೆ ಬಳಸಿದ ಸೂಜಿ ವಿದ್ಯಾರ್ಥಿಯ ಬೆರಳಿಗೆ ಚುಚ್ಚುವುದು, ರೋಗಿಯ ರಕ್ತವೋ ಇತರ ದ್ರವವೋ ಕಣ್ಣಿಗೆ, ಬಾಯಿಗೆ, ಗಾಯಕ್ಕೆ ಸಿಡಿಯುವುದು ಆ ಅಪಾಯ. ಇಂದು ನಾನು ಹೇಳಬೇಕೆಂದಿರುವುದು ಅದನ್ನೇ.

ಹಳೆಯ ಅಪಾಯ, ಹಳೆಯ ಪಾಠ

ಇದು ಹೊಸ ಅಪಾಯವಲ್ಲ. 1847ರಲ್ಲಿ ಆಸ್ಟ್ರಿಯ ದೇಶದ ವಿಯೆನ್ನಾ ನಗರದಲ್ಲಿ ಜಾಕೋಬ್ ಕೊಲ್ಲೆಚ್ಕ ಎಂಬ ಪ್ರಾಧ್ಯಾಪಕರು ಶವಪರೀಕ್ಷೆ ನಡೆಸುತ್ತಿದ್ದಾಗ ವಿದ್ಯಾರ್ಥಿಯೊಬ್ಬನ ಚಾಕು ತಗುಲಿ ಅವರ ಬೆರಳಿಗೆ ಗಾಯವಾಯಿತು. ಆ ಗಾಯದಿಂದ ಹಬ್ಬಿದ ನಂಜಿನಿಂದ ಅವರು ಮರಣ ಹೊಂದಿದರು. ಅವರ ಮಿತ್ರರಾದ ಡಾ. ಸೆಮ್ಮೆಲ್ವೈಸ್, ಪ್ರಾಧ್ಯಾಪಕರ ದೇಹದಲ್ಲಿ ಕಂಡ ಬದಲಾವಣೆಗಳೂ ಹೆರಿಗೆ ವಾರ್ಡಿನಲ್ಲಿ ಸಾಯುತ್ತಿದ್ದ ಬಾಣಂತಿಯರ ದೇಹದಲ್ಲಿ ಕಂಡವೂ ಒಂದೇ ಬಗೆಯವು ಎಂಬುದನ್ನು ಗುರುತಿಸಿದರು. ವೈದ್ಯರು ಕೈ ತೊಳೆಯಬೇಕೆಂಬ ನಿಯಮಕ್ಕೆ ಆ ಸಾವೇ ದಾರಿ ತೋರಿತು.

ನಮ್ಮ ಚೆನ್ನೈನಲ್ಲಿಯೇ ಇದಕ್ಕಿಂತ ಹತ್ತಿರದ ಉದಾಹರಣೆಯಿದೆ. 1986ರಲ್ಲಿ ಮದ್ರಾಸ್ ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿಶಾಸ್ತ್ರ ವಿಭಾಗದಲ್ಲಿ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಡಾ. ಸೆಲ್ಲಪ್ಪನ್ ನಿರ್ಮಲಾ ಎಂಬ ಸ್ನಾತಕೋತ್ತರ ವಿದ್ಯಾರ್ಥಿನಿ ಏಡ್ಸ್ ರೋಗದ ಬಗ್ಗೆ ಅಧ್ಯಯನ ಕೈಗೊಂಡರು. ಆ ರೋಗ ಭಾರತಕ್ಕೆ ಬಂದಿಲ್ಲವೆಂದೇ ಹೆಚ್ಚಿನವರು ನಂಬಿದ್ದ ಕಾಲವದು. ಅವರು ರಕ್ತದ ಮಾದರಿಗಳನ್ನು ಸಂಗ್ರಹಿಸಿದಾಗ ಇಂದು ನಾವು ಅವಶ್ಯವೆಂದು ಭಾವಿಸುವ ರಕ್ಷಣಾ ಸಾಧನಗಳು ಅವರ ಬಳಿ ಇರಲಿಲ್ಲ. ಪರೀಕ್ಷೆಯ ಸೌಲಭ್ಯ ಇಲ್ಲಿ ಇರಲಿಲ್ಲವಾದ್ದರಿಂದ ಮಾದರಿಗಳನ್ನು ರೈಲಿನಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಕೊಂಡೊಯ್ದರು. ಅವುಗಳಲ್ಲಿ ಆರು ಮಾದರಿಗಳಲ್ಲಿ ಎಚ್.ಐ.ವಿ. ಸೋಂಕು ಕಂಡುಬಂದಿತು. ಭಾರತದಲ್ಲಿ ಆ ಸೋಂಕು ಮೊದಲು ಪತ್ತೆಯಾದದ್ದು ಹೀಗೆ. ಒಬ್ಬ ವಿದ್ಯಾರ್ಥಿನಿಯ ಶ್ರಮದಿಂದ ಇಡೀ ದೇಶ ಎಚ್ಚೆತ್ತುಕೊಂಡಿತು. ಅಂದು ಆಕೆಗೆ ಸೂಜಿ ಚುಚ್ಚಿದ್ದರೆ ಕೊಡಲು ಔಷಧವೂ ಇರಲಿಲ್ಲ, ಪಾಲಿಸಲು ನಿಯಮವೂ ಇರಲಿಲ್ಲ. ಇಂದು ಔಷಧವಿದೆ, ನಿಯಮವಿದೆ, ಕಾನೂನೂ ಇದೆ. ಇಷ್ಟೆಲ್ಲ ಇದ್ದೂ ವಿದ್ಯಾರ್ಥಿಯೊಬ್ಬನು ಗಾಯವನ್ನು ಮುಚ್ಚಿಟ್ಟು ಹಾನಿಗೆ ಒಳಗಾದರೆ ಅದು ತುಂಬಾ ದುಃಖದ ಸಂಗತಿ.

ಅಪಾಯದ ಪ್ರಮಾಣ ಎಷ್ಟು?

ಭಯವನ್ನು ದೂರ ಮಾಡುವ ಮೊದಲ ಉಪಾಯವೆಂದರೆ ಅಂಕಿಗಳನ್ನು ತಿಳಿಯುವುದು. ಜಗತ್ತಿನ ಸುಮಾರು 3.5 ಕೋಟಿ ಆರೋಗ್ಯ ಕಾರ್ಯಕರ್ತರಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ಮಂದಿ ಇಂತಹ ಗಾಯಗಳ ಮೂಲಕ ರಕ್ತದಿಂದ ಹರಡುವ ರೋಗಾಣುಗಳ ಸಂಪರ್ಕಕ್ಕೆ ಬರುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಅಂದಾಜು ಮಾಡಿತ್ತು. ಆದರೆ ಸಂಪರ್ಕಕ್ಕೆ ಬಂದವರೆಲ್ಲರಿಗೂ ರೋಗ ತಗಲುವುದಿಲ್ಲ.

ಸೂಜಿಯ ಮೂಲಕ ಹರಡುವ ಮುಖ್ಯ ರೋಗಾಣುಗಳು ಮೂರು. ಮೊದಲನೆಯದು ಎಚ್.ಐ.ವಿ. ಸೋಂಕಿತನಿಗೆ ಬಳಸಿದ ಸೂಜಿ ಚುಚ್ಚಿದಾಗ ಇದು ಹರಡುವ ಸಾಧ್ಯತೆ ಸುಮಾರು ಸಾವಿರಕ್ಕೆ ಮೂರು. ರಕ್ತವು ಕಣ್ಣು ಅಥವಾ ಬಾಯಿಯ ಒಳಪೊರೆಗೆ ಸಿಡಿದಾಗ ಸಾಧ್ಯತೆ ಇನ್ನೂ ಕಡಿಮೆ, ಸಾವಿರಕ್ಕೆ ಒಂದರಷ್ಟು. ಎರಡನೆಯದು ಹೆಪಟೈಟಿಸ್ ಸಿ. ಇದು ನೂರಕ್ಕೆ ಸುಮಾರು ಎರಡು ಅಥವಾ ಅದಕ್ಕಿಂತ ಕಡಿಮೆ. ಮೂರನೆಯದಾದ ಹೆಪಟೈಟಿಸ್ ಬಿ ಇವೆಲ್ಲಕ್ಕಿಂತ ಸುಲಭವಾಗಿ ಹರಡುತ್ತದೆ. ಲಸಿಕೆ ಪಡೆಯದವರಲ್ಲಿ ಈ ಸಾಧ್ಯತೆ ನೂರಕ್ಕೆ 6ರಿಂದ 30ರವರೆಗೂ ಇದೆ. ಈ ವೈರಾಣು ಒಣಗಿದ ರಕ್ತದಲ್ಲಿಯೂ ಕನಿಷ್ಠ ಏಳು ದಿನ ಜೀವಂತವಾಗಿ ಉಳಿಯಬಲ್ಲದು.

ಇಲ್ಲೊಂದು ವಿಚಿತ್ರವನ್ನು ಗಮನಿಸಿ. ಸೂಜಿ ಚುಚ್ಚಿದವರೆಲ್ಲರೂ ಹೆದರುವುದು ಎಚ್.ಐ.ವಿ.ಗೆ. ಆದರೆ ನೂರಾರು ಪಟ್ಟು ಅಲ್ಲದಿದ್ದರೂ ಹತ್ತಾರು ಪಟ್ಟು ಸುಲಭವಾಗಿ ಹರಡುವುದು ಹೆಪಟೈಟಿಸ್ ಬಿ. ಅದಕ್ಕೆ ಉತ್ತಮ ಲಸಿಕೆ ಇದೆ; ಆದರೂ ಮೂರು ಚುಚ್ಚುಮದ್ದುಗಳನ್ನು ಪೂರ್ತಿ ಮಾಡದ ವಿದ್ಯಾರ್ಥಿಗಳು ಇದ್ದಾರೆ.

ಎಲ್ಲ ಗಾಯಗಳೂ ಸಮಾನವಲ್ಲ. ರಕ್ತ ತೆಗೆಯಲು ಬಳಸುವ, ಒಳಗೆ ಟೊಳ್ಳಿರುವ ಸೂಜಿ ಹೊಲಿಗೆಯ ಸೂಜಿಗಿಂತ ಹೆಚ್ಚು ಅಪಾಯಕರ. ಗಾಯ ಆಳವಾಗಿದ್ದರೆ, ಸೂಜಿಯ ಮೇಲೆ ರಕ್ತ ಕಾಣುತ್ತಿದ್ದರೆ, ಅದು ರೋಗಿಯ ರಕ್ತನಾಳದಲ್ಲಿ ಇದ್ದದ್ದಾಗಿದ್ದರೆ ಅಪಾಯ ಹೆಚ್ಚುತ್ತದೆ. ದ್ರವಗಳಲ್ಲಿಯೂ ಹಾಗೆಯೇ. ರಕ್ತ, ವೀರ್ಯ, ಯೋನಿಸ್ರಾವ, ಬೆನ್ನುಹುರಿಯ ದ್ರವ, ಗರ್ಭಚೀಲದ ನೀರು, ಎದೆ, ಹೊಟ್ಟೆ ಹಾಗೂ ಕೀಲುಗಳಲ್ಲಿ ತುಂಬಿದ ನೀರು ಇವುಗಳನ್ನು ಅಪಾಯಕರವೆಂದೇ ಎಣಿಸಬೇಕು. ಬೆವರು, ಕಣ್ಣೀರು, ಮೂತ್ರ, ಮಲ, ಉಗುಳು ಇವುಗಳಲ್ಲಿ ರಕ್ತ ಕಾಣದಿದ್ದರೆ ಎಚ್.ಐ.ವಿ. ಹರಡುವ ಭಯವಿಲ್ಲ.

ಚುಚ್ಚಿದ ಕೂಡಲೇ ಮಾಡಬೇಕಾದುದು

ಕೈಗೆ ಸೂಜಿ ಚುಚ್ಚಿದರೆ ಮೊದಲು ರೋಗಿಗೆ ತೊಂದರೆಯಾಗದಂತೆ ಕೆಲಸವನ್ನು ಮತ್ತೊಬ್ಬರಿಗೆ ಒಪ್ಪಿಸಿ ಹೊರಗೆ ಬನ್ನಿ. ಕೈಗವಸು ತೆಗೆದು, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ ತೊಳೆಯಿರಿ. ಇಷ್ಟೇ ಪ್ರಥಮ ಚಿಕಿತ್ಸೆ.

ಮಾಡಬಾರದ ಕೆಲಸಗಳನ್ನೂ ನೆನಪಿಡಬೇಕು. ಬೆರಳನ್ನು ಹಿಂಡಿ ರಕ್ತ ಹೊರಗೆಡಹಬಾರದು. ಚಿಕ್ಕಂದಿನ ಅಭ್ಯಾಸದಂತೆ ಬೆರಳನ್ನು ಬಾಯಿಗೆ ಇಟ್ಟುಕೊಳ್ಳಬಾರದು. ಸ್ಪಿರಿಟ್, ಅಯೋಡಿನ್, ಬ್ಲೀಚಿಂಗ್ ದ್ರಾವಣ ಇವನ್ನು ಗಾಯಕ್ಕೆ ಸುರಿಯಬಾರದು. ಇವು ಚರ್ಮವನ್ನು ಕೆರಳಿಸಿ ಗಾಯವನ್ನು ಹೆಚ್ಚಿಸುತ್ತವೆ. ಉಗುರಿನಲ್ಲಿ ಹೋಗುವ ಕೆಲಸಕ್ಕೆ ಕೊಡಲಿ ತೆಗೆದುಕೊಳ್ಳಬಾರದೆಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಕಣ್ಣಿಗೆ ದ್ರವ ಸಿಡಿದರೆ ಕುಳಿತು ತಲೆಯನ್ನು ಹಿಂದಕ್ಕೆ ಬಾಗಿಸಿ, ಜೊತೆಯವರಿಂದ ಶುದ್ಧ ನೀರನ್ನೋ ಸಲೈನನ್ನೋ ನಿಧಾನವಾಗಿ ಹಾಕಿಸಿಕೊಂಡು, ರೆಪ್ಪೆಗಳನ್ನು ಮೇಲೆ ಕೆಳಗೆ ಎಳೆದು ತೊಳೆಯಬೇಕು. ಕಣ್ಣಿನೊಳಗೆ ಲೆನ್ಸ್ ಇದ್ದರೆ ತೊಳೆಯುವಾಗ ಅದನ್ನು ತೆಗೆಯದೆ, ತೊಳೆದಾದ ಮೇಲೆ ತೆಗೆದು ಶುಚಿಮಾಡಬೇಕು. ಕಣ್ಣಿಗೆ ಸಾಬೂನು ಬೇಡ. ಬಾಯಿಗೆ ಸಿಡಿದರೆ ತಕ್ಷಣ ಉಗಿದು, ನೀರಿನಿಂದ ಹಲವು ಸಲ ಮುಕ್ಕಳಿಸಬೇಕು.

ಎರಡು ಗಂಟೆಯ ಮಹತ್ವ

ತೊಳೆದ ಮೇಲೆ ವಾರ್ಡಿನ ವೈದ್ಯಾಧಿಕಾರಿಗೆ ಅಥವಾ ತುರ್ತು ಚಿಕಿತ್ಸಾ ವಿಭಾಗಕ್ಕೆ ಕೂಡಲೇ ತಿಳಿಸಬೇಕು. ಪಾಳಿ ಮುಗಿಯಲಿ, ಬೆಳಗಾಗಲಿ, ಭಾನುವಾರ ಕಳೆಯಲಿ ಎಂದು ಕಾಯಬಾರದು. ಏಕೆಂದರೆ ಎಚ್.ಐ.ವಿ. ತಡೆಗಟ್ಟುವ ಔಷಧದ ಮೊದಲ ಗುಳಿಗೆಯನ್ನು ಸಾಧ್ಯವಾದಷ್ಟು ಬೇಗ, ಎರಡು ಗಂಟೆಯ ಒಳಗೆ ತೆಗೆದುಕೊಳ್ಳುವುದು ಅತ್ಯುತ್ತಮ. 72 ಗಂಟೆ ಮೀರಿದರೆ ಅದರಿಂದ ಪ್ರಯೋಜನವಿಲ್ಲ.

ವೈರಾಣು ಚರ್ಮದೊಳಗೆ ಬಿದ್ದ ಕ್ಷಣವೇ ಶರೀರದಲ್ಲೆಲ್ಲ ಹಬ್ಬುವುದಿಲ್ಲ. ಮೊದಲು ಅದು ಗಾಯದ ಸುತ್ತಲಿನ ಕೆಲವು ಕಣಗಳನ್ನು ಸೇರಿ, ಅಲ್ಲಿಂದ ದುಗ್ಧಗ್ರಂಥಿಗಳಿಗೆ ಹೋಗಿ, ಅನಂತರ ರಕ್ತದಲ್ಲಿ ಹರಡುತ್ತದೆ. ಈ ನಡುವಿನ ಕಾಲದಲ್ಲಿ ಔಷಧ ದೇಹದಲ್ಲಿದ್ದರೆ ವೈರಾಣು ಬೇರೂರುವುದಕ್ಕೆ ಮುಂಚೆಯೇ ಅದರ ವೃದ್ಧಿ ನಿಲ್ಲುತ್ತದೆ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಜಿಡೋವುಡಿನ್ ಎಂಬ ಒಂದೇ ಔಷಧ ಸೇವಿಸಿದ ಆರೋಗ್ಯ ಕಾರ್ಯಕರ್ತರಲ್ಲಿ ಸೋಂಕಿನ ಸಾಧ್ಯತೆ ಶೇಕಡಾ 80ರಷ್ಟು ತಗ್ಗಿತ್ತು. ಇಂದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಮಾರ್ಗಸೂಚಿಯಂತೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಗಳನ್ನು ದಿನಕ್ಕೊಮ್ಮೆ, 28 ದಿನಗಳ ಕಾಲ ಕೊಡುತ್ತಾರೆ. ಓಕರಿಕೆ, ತಲೆನೋವು, ನಿದ್ರೆಯ ತೊಂದರೆ ಕೆಲವರಿಗೆ ಆಗಬಹುದು. ಅದಕ್ಕಾಗಿ ತಾವೇ ಔಷಧ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು, ಬೇರೆ ಔಷಧ ಸೇವಿಸುತ್ತಿರುವವರು ಅದನ್ನು ಮೊದಲೇ ತಿಳಿಸಬೇಕು. ಗರ್ಭಿಣಿಯಾಗಿದ್ದ ಮಾತ್ರಕ್ಕೆ ಈ ಔಷಧವನ್ನು ನಿರಾಕರಿಸಬೇಕಾಗಿಲ್ಲ.

ರೋಗಿಯ ರಕ್ತಪರೀಕ್ಷೆಯ ಫಲಿತಾಂಶ ಬರಲಿ ಎಂದು ಮೊದಲ ಗುಳಿಗೆಯನ್ನು ತಡಮಾಡಬಾರದು. ರೋಗಿಗೆ ಸೋಂಕಿಲ್ಲವೆಂದು ಖಚಿತವಾದರೆ ವೈದ್ಯರು ಔಷಧವನ್ನು ನಿಲ್ಲಿಸುತ್ತಾರೆ. ಒಂದೆರಡು ಗುಳಿಗೆ ಹೆಚ್ಚಾಗಿ ನುಂಗಿದ್ದರಿಂದ ಆಗುವ ನಷ್ಟ ಅಲ್ಪ. ತಡಮಾಡಿದ್ದರಿಂದ ಆಗುವ ನಷ್ಟವನ್ನು ಮತ್ತೆ ತುಂಬಲಾಗದು.

ಹೆಪಟೈಟಿಸ್ ಬಿ ಮತ್ತು ಸಿ

ಹೆಪಟೈಟಿಸ್ ಬಿ ಲಸಿಕೆಯನ್ನು ಮೊದಲ ದಿನ, ಒಂದು ತಿಂಗಳ ನಂತರ, ಆರು ತಿಂಗಳ ನಂತರ ಹೀಗೆ ಮೂರು ಸಲ ಪಡೆಯಬೇಕು. ಕೊನೆಯ ಚುಚ್ಚುಮದ್ದಾದ ಒಂದೆರಡು ತಿಂಗಳಿಗೆ ರಕ್ತದಲ್ಲಿನ ಪ್ರತಿಕಾಯದ ಮಟ್ಟವನ್ನು ಪರೀಕ್ಷಿಸಿಕೊಳ್ಳಬೇಕು. ಅದು 10 ಅಥವಾ ಅದಕ್ಕಿಂತ ಹೆಚ್ಚಿನ ಅಂಶವನ್ನು ತೋರಿಸಿದರೆ ರಕ್ಷಣೆ ದೊರೆತಿದೆಯೆಂದು ಅರ್ಥ. ಆ ವರದಿಯನ್ನು ಅಂಕಪಟ್ಟಿಯಷ್ಟೇ ಜೋಪಾನವಾಗಿ ಇಟ್ಟುಕೊಳ್ಳಿ. ಲಸಿಕೆ ಪಡೆಯದವರಿಗೆ ಸೂಜಿ ಚುಚ್ಚಿ, ರೋಗಿಗೆ ಹೆಪಟೈಟಿಸ್ ಬಿ ಇದ್ದರೆ, ಸಿದ್ಧ ಪ್ರತಿಕಾಯಗಳಿರುವ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದನ್ನು ಆದಷ್ಟು ಮಟ್ಟಿಗೆ 24 ಗಂಟೆಯೊಳಗೆ ಕೊಟ್ಟು, ಜೊತೆಯಲ್ಲಿಯೇ ಲಸಿಕೆಯನ್ನೂ ಆರಂಭಿಸುತ್ತಾರೆ.

ಹೆಪಟೈಟಿಸ್ ಸಿ ರೋಗಕ್ಕೆ ಲಸಿಕೆ ಇಲ್ಲ; ಚುಚ್ಚಿದ ಕೂಡಲೇ ಕೊಡುವ ತಡೆ ಔಷಧವೂ ಇಲ್ಲ. ಆದರೆ ಸೋಂಕು ತಗುಲಿದ್ದು ಪರೀಕ್ಷೆಯಿಂದ ತಿಳಿದರೆ ಸಾಮಾನ್ಯವಾಗಿ 12 ವಾರಗಳ ಗುಳಿಗೆಗಳಿಂದ ನೂರಕ್ಕೆ ತೊಂಬತ್ತೈದರಷ್ಟು ಮಂದಿ ಸಂಪೂರ್ಣ ಗುಣಹೊಂದುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಔಷಧಗಳನ್ನು ಉಚಿತವಾಗಿ ಕೊಡಲಾಗುತ್ತದೆ. ಆದುದರಿಂದ ಇಲ್ಲಿ ರಕ್ಷಣೆ ಇರುವುದು ಕ್ರಮವಾದ ಪರೀಕ್ಷೆಯಲ್ಲಿ.

ದಾಖಲೆ, ಪರೀಕ್ಷೆ ಮತ್ತು ರೋಗಿಯ ಗೌರವ

ಗಾಯವಾದ ದಿನವೇ ವಿದ್ಯಾರ್ಥಿಯ ರಕ್ತವನ್ನು ಪರೀಕ್ಷಿಸಬೇಕು. ಆ ದಿನ ಸೋಂಕು ಇರಲಿಲ್ಲ ಎಂಬ ದಾಖಲೆ ಇದ್ದರೆ ಮಾತ್ರ ಮುಂದೆ ಸೋಂಕು ಕಂಡುಬಂದಲ್ಲಿ ಅದು ಕರ್ತವ್ಯದಲ್ಲಿ ತಗುಲಿದ್ದೆಂದು ಹೇಳಲು ಆಧಾರವಿರುತ್ತದೆ. ಅನಂತರ ಆರು ವಾರ, ಮೂರು ತಿಂಗಳು, ಆರು ತಿಂಗಳಿಗೆ ಪರೀಕ್ಷೆಗಳು ನಡೆಯುತ್ತವೆ. ಈ ಅವಧಿಯಲ್ಲಿ ರಕ್ತದಾನ ಮಾಡಬಾರದು. ವಿವಾಹಿತರು ನಿರೋಧ್ ಬಳಸಬೇಕು. ಹಾಲೂಡಿಸುವ ತಾಯಂದಿರು ವೈದ್ಯರ ಸಲಹೆ ಪಡೆಯಬೇಕು. ಊಟ, ತಟ್ಟೆ, ಹಾಸಿಗೆಗಳನ್ನು ಬೇರೆಮಾಡುವ ಅವಶ್ಯಕತೆ ಎಳ್ಳಷ್ಟೂ ಇಲ್ಲ. ತಾಯಂದಿರೇ, ಈ ಮಾತನ್ನು ವಿಶೇಷವಾಗಿ ನಿಮಗೆ ಹೇಳುತ್ತಿದ್ದೇನೆ.

ಇನ್ನು ರೋಗಿಯ ವಿಚಾರ. ಆತ ಅಪರಾಧಿಯಲ್ಲ. ಗಾಬರಿಯಲ್ಲಿ ಆತನ ಹಾಸಿಗೆಯ ಬಳಿ ನಿಂತು, ಎಲ್ಲರಿಗೂ ಕೇಳುವಂತೆ ‘ನಿಮಗೆ ಏಡ್ಸ್ ಇದೆಯೇ’ ಎಂದು ಕೇಳುವುದು ತಪ್ಪು. ವಿಷಯವನ್ನು ಏಕಾಂತದಲ್ಲಿ ವಿವರಿಸಿ, ಒಪ್ಪಿಗೆ ಪಡೆದು ಪರೀಕ್ಷೆ ಮಾಡಿಸುವ ಹೊಣೆ ಚಿಕಿತ್ಸೆ ಮಾಡುತ್ತಿರುವ ವೈದ್ಯರದು, ಗಾಯಗೊಂಡ ವಿದ್ಯಾರ್ಥಿಯದಲ್ಲ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ, 2017ರ ಎಚ್.ಐ.ವಿ. ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಅಧಿನಿಯಮವು ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದನ್ನೂ, ಫಲಿತಾಂಶವನ್ನು ಬಹಿರಂಗಪಡಿಸುವುದನ್ನೂ ನಿರ್ಬಂಧಿಸುತ್ತದೆ. ಅದೇ ಕಾನೂನು ಗಾಯಗೊಂಡವರ ಪರವಾಗಿಯೂ ನಿಂತಿದೆ. ಇಂತಹ ಅಪಾಯವಿರುವ ಆರೋಗ್ಯ ಸಂಸ್ಥೆಗಳು ಅಲ್ಲಿ ದುಡಿಯುವವರಿಗೆ ರಕ್ಷಣಾ ಸಾಧನಗಳನ್ನೂ, ತರಬೇತಿಯನ್ನೂ, ತಡೆ ಔಷಧವನ್ನೂ ಒದಗಿಸಬೇಕೆಂದು ಅದು ವಿಧಿಸುತ್ತದೆ. ಆದುದರಿಂದ ಔಷಧ ಕೇಳುವಾಗ ವಿದ್ಯಾರ್ಥಿಯು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.

ಮುಚ್ಚಿಡುವುದು ಏಕೆ?

ಒಬ್ಬ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳಿ. ರಾತ್ರಿ ಎರಡು ಗಂಟೆ. ಹದಿನೆಂಟು ತಾಸಿನ ದುಡಿಮೆ ಆಗಿದೆ. ರಕ್ತ ತೆಗೆದ ಸೂಜಿಗೆ ಮುಚ್ಚಳ ಹಾಕುವಾಗ ಅದು ಎಡಗೈ ಹೆಬ್ಬೆರಳಿಗೆ ತಾಗುತ್ತದೆ. ಒಂದು ಚುಕ್ಕೆ ರಕ್ತ. ಹಿರಿಯರಿಗೆ ಹೇಳಿದರೆ ‘ಇಷ್ಟೂ ಗೊತ್ತಿಲ್ಲವೇ’ ಎಂದಾರು. ಮನೆಗೆ ತಿಳಿದರೆ ಅಮ್ಮ ಅತ್ತಾಳು. ಪರೀಕ್ಷೆ ಹತ್ತಿರವಿದೆ. ಮುಂದೆ ಮದುವೆಯ ಮಾತು ಬಂದಾಗ ಯಾರಾದರೂ ಕೆದಕಿಯಾರು. ಹೀಗೆ ಯೋಚಿಸಿ ಆತ ಬೆರಳಿಗೆ ಹತ್ತಿ ಒತ್ತಿ ಸುಮ್ಮನಾಗುತ್ತಾನೆ. ಗಾಯ ಮರುದಿನವೇ ಮಾಯುತ್ತದೆ. ಮನಸ್ಸಿನ ಅಳುಕು ತಿಂಗಳುಗಟ್ಟಲೆ ಉಳಿಯುತ್ತದೆ. ಮೂರು ದಿನ ಕಳೆದ ಮೇಲೆ ಆತ ಬಾಯಿ ಬಿಟ್ಟರೂ ಎಚ್.ಐ.ವಿ. ತಡೆ ಔಷಧದ ಕಾಲ ಮೀರಿಹೋಗಿರುತ್ತದೆ.

ಈ ಮೌನಕ್ಕೆ ವಿದ್ಯಾರ್ಥಿಯೊಬ್ಬನೇ ಕಾರಣನಲ್ಲ. ಗದರಿಸುವ ಹಿರಿಯರೂ, ಅಳುವ ಮನೆಯವರೂ, ಪಿಸುಗುಟ್ಟುವ ನೆರೆಯವರೂ ಅದರಲ್ಲಿ ಪಾಲುದಾರರು. ಸೋಂಕಿನ ವಿಷಯದಲ್ಲಿ ತಡಮಾಡಿದರೆ ಏನಾಗುವುದೆಂಬುದನ್ನು ಕೋಯಂಬೇಡಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕೊರೋನಾ ಹಬ್ಬಿದ್ದರಿಂದ 2020ರ ಮೇ ತಿಂಗಳಲ್ಲಿ ಈ ಮಾರುಕಟ್ಟೆಯನ್ನು ಮುಚ್ಚಬೇಕಾಯಿತು. ಮತ್ತೆ ತೆರೆದದ್ದು ಸೆಪ್ಟೆಂಬರಿನಲ್ಲಿ. ಬೇಗ ಗುರುತಿಸಿ ಬೇಗ ತಿಳಿಸಿದಷ್ಟೂ ಸೋಂಕಿನ ಹಾನಿ ಕಡಿಮೆ ಎಂಬ ಪಾಠವನ್ನು ಆ ತಿಂಗಳುಗಳು ನಮಗೆಲ್ಲ ಕಲಿಸಿವೆ.

ಮನೆಯವರು ಮಾಡಬಹುದಾದ ದೊಡ್ಡ ಉಪಕಾರವೊಂದಿದೆ. ಮಗ ಅಥವಾ ಮಗಳು ವಾರ್ಡಿಗೆ ಹೋಗುವ ಮುನ್ನವೇ, ‘ಎಂದಾದರೂ ಸೂಜಿ ಚುಚ್ಚಿದರೆ ಮೊದಲು ಔಷಧ ತೆಗೆದುಕೊ, ಆಮೇಲೆ ನಮಗೆ ಹೇಳು, ನಾವು ಬೈಯುವುದಿಲ್ಲ’ ಎಂದು ಹೇಳಿಡಿ. ಈ ಒಂದು ಮಾತು ಆ ಎರಡು ಗಂಟೆಗಳನ್ನು ಉಳಿಸಬಲ್ಲದು.

ಬರದಂತೆ ತಡೆಯುವುದು

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದಕ್ಕಿಂತ ಮೊದಲೇ ನೀರು ತುಂಬಿಡುವುದು ಜಾಣತನ. ಎಲ್ಲ ರೋಗಿಗಳ ರಕ್ತವೂ ಸೋಂಕುಳ್ಳದ್ದೆಂದೇ ತಿಳಿದು ಕೆಲಸ ಮಾಡಬೇಕು. ಮುಖ ನೋಡಿ ಸೋಂಕನ್ನು ಗುರುತಿಸಲಾಗದು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು, ಅದನ್ನು ಬಗ್ಗಿಸಬಾರದು. ಅನಿವಾರ್ಯವಾದರೆ ಮುಚ್ಚಳವನ್ನು ಮೇಜಿನ ಮೇಲಿಟ್ಟು ಒಂದೇ ಕೈಯಿಂದ ಸೂಜಿಯಿಂದಲೇ ಅದನ್ನು ಎತ್ತಿಕೊಳ್ಳಬೇಕು. ಶಸ್ತ್ರಕ್ರಿಯೆಯಲ್ಲಿ ಹರಿತವಾದ ಉಪಕರಣಗಳನ್ನು ಕೈಯಿಂದ ಕೈಗೆ ಕೊಡದೆ ತಟ್ಟೆಯಲ್ಲಿಟ್ಟು ಕೊಡಬೇಕು. ರಕ್ತ ಸಿಡಿಯುವ ಕೆಲಸದಲ್ಲಿ ಕನ್ನಡಕ, ಮುಖಗವಸು ಧರಿಸಬೇಕು. ಕೈಯಲ್ಲಿ ಗಾಯವಿದ್ದರೆ ಅದನ್ನು ನೀರು ಇಳಿಯದ ಪಟ್ಟಿಯಿಂದ ಮುಚ್ಚಬೇಕು. ಕಾಲಿಗೆ ಬೆರಳು ಮುಚ್ಚುವ ಪಾದರಕ್ಷೆ ಇರಬೇಕು.

ಸೂಜಿ ಬಳಸಿದವರೇ ಅದನ್ನು ವಿಲೇವಾರಿ ಮಾಡಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಸೂಜಿ, ಬ್ಲೇಡುಗಳನ್ನು ಚುಚ್ಚಿದರೂ ತೂತಾಗದ ಬಿಳಿಯ ಅರೆಪಾರದರ್ಶಕ ಡಬ್ಬಿಗೆ ಹಾಕಬೇಕು. ಈ ಡಬ್ಬಿ ಹಾಸಿಗೆಯ ಹತ್ತಿರವೇ ಇರಬೇಕು. ಮುಕ್ಕಾಲು ಭಾಗ ತುಂಬಿದೊಡನೆ ಬದಲಿಸಬೇಕು. ಹಾಸಿಗೆಯ ಮೇಲೋ ಹತ್ತಿಯ ನಡುವೆಯೋ ಬಿಟ್ಟ ಸೂಜಿ ನಿಮ್ಮನ್ನು ಬಿಟ್ಟರೂ ಗುಡಿಸುವ ಹೆಂಗಸನ್ನು ಬಿಡದು. ಆಕೆಗೆ ಅದು ಯಾರ ರಕ್ತವೆಂದು ತಿಳಿಯುವ ದಾರಿಯೂ ಇರುವುದಿಲ್ಲ. ತ್ಯಾಜ್ಯ ಸಾಗಿಸುವ ಅಂತಹ ಕಾರ್ಮಿಕರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕೆಂದು ಇದೇ ನಿಯಮಗಳು ಹೇಳುತ್ತವೆ.

ಈ ಕರ್ತವ್ಯ ಮನೆಗಳಿಗೂ ಉಂಟು. ಮಧುಮೇಹಕ್ಕಾಗಿ ಮನೆಯಲ್ಲಿಯೇ ಇನ್ಸುಲಿನ್ ಚುಚ್ಚಿಕೊಳ್ಳುವವರು ಸೂಜಿಯನ್ನು ತರಕಾರಿ ಸಿಪ್ಪೆಯೊಡನೆ ಎಸೆಯಬಾರದು. ಗಟ್ಟಿಯಾದ ಡಬ್ಬಿಯಲ್ಲಿ ಕೂಡಿಟ್ಟು, ಮುಚ್ಚಳ ಬಿಗಿದು, ಅಪಾಯಕಾರಿ ತ್ಯಾಜ್ಯವೆಂದು ಬೇರೆಯಾಗಿಯೇ ಪೌರಕಾರ್ಮಿಕರಿಗೆ ಒಪ್ಪಿಸಬೇಕು.

ವಿದ್ಯಾರ್ಥಿ ಮಿತ್ರರೇ, ನಾಳೆ ನಿಮ್ಮ ಆಸ್ಪತ್ರೆಗೆ ಹೋದಾಗ ನಾಲ್ಕು ವಿಷಯಗಳನ್ನು ವಿಚಾರಿಸಿ ಬರೆದಿಟ್ಟುಕೊಳ್ಳಿ. ಸೂಜಿಗಾಯವಾದರೆ ಯಾರಿಗೆ ತಿಳಿಸಬೇಕು? ರಾತ್ರಿ ವೇಳೆ ತಡೆ ಔಷಧ ಎಲ್ಲಿ ದೊರೆಯುತ್ತದೆ? ಎ.ಆರ್.ಟಿ. ಕೇಂದ್ರ ಎಲ್ಲಿದೆ? ನಿಮ್ಮ ಲಸಿಕೆಯ ದಾಖಲೆ ಪೂರ್ಣವಾಗಿದೆಯೇ? ಸಂದೇಹಗಳಿಗೆ 1097 ಎಂಬ ಉಚಿತ ದೂರವಾಣಿಯಲ್ಲಿ ಸಲಹೆ ಪಡೆಯಬಹುದು. ಇಷ್ಟನ್ನು ತಿಳಿದಿದ್ದರೆ ಗಾಬರಿಯ ಗಳಿಗೆಯಲ್ಲಿ ಕಾಲು ತಾನಾಗಿಯೇ ಸರಿಯಾದ ಬಾಗಿಲಿನತ್ತ ನಡೆಯುತ್ತದೆ. ರೋಗಿಗಳ ಸೇವೆ ಮಾಡಬೇಕಾದ ಕೈಗಳು ನಿಮ್ಮವು. ಅವನ್ನು ಕಾಪಾಡಿಕೊಳ್ಳುವುದೂ ಆ ಸೇವೆಯ ಭಾಗವೇ.